ನೆರಳು ಎಳೆಯುವವರು

ಏಳನೇ ಕೊಳದ ಗಂಟೆ ಹೊಡೆದುಕೊಳ್ಳಲು ಶುರುಮಾಡಿದಾಗ ನೀಲಗಂಗಮ್ಮ ನೀರಿನ ತಂಬಿಗೆಯನ್ನು ಆಗಷ್ಟೇ ಬಾಯಿಗೆ ಎತ್ತಿದ್ದಳು. ಕುಡಿಯಲಿಲ್ಲ. ತಂಬಿಗೆ ಕೆಳಗಿಟ್ಟು ಹಗ್ಗಕ್ಕೆ ಕೈ ಹಾಕಿದಳು. ಅವಳ ಹಿಂದೆ ಸಾಲಾಗಿ ನಿಂತಿದ್ದ ಹನ್ನೊಂದು ಹೆಂಗಸರೂ ಹಾಕಿದರು. ಎಲ್ಲರೂ ಒಮ್ಮೆಲೇ ಉಸಿರು ಕಟ್ಟಿ ಜಗ್ಗಿದರು. ಕಪ್ಪು ನೆರಳಿನ ಬಲೆ ಕೊಳದ ಮೇಲೆ ಸರಸರನೆ ಹರಡಿತು. ಗಂಟೆ ನಿಂತಿತು. ನಿಯಂತ್ರಣ ಕೊಠಡಿಯ ಕಿಟಕಿಯಲ್ಲಿ ನಿಂತಿದ್ದ ಮಹಾನಂದಾ ಗೋಡೆಯ ಪರದೆಯತ್ತ ತಿರುಗಿದಳು. ಬೆಳಗಿನಿಂದ ಇದು ಮೂವತ್ತೊಂದನೆಯ ಸಲ. ಇನ್ನೂ ಮಧ್ಯಾಹ್ನವಾಗಿರಲಿಲ್ಲ.

ಭೀಮಾ ದಂಡೆಯ ಈ ಸವಳು ನೆಲದಲ್ಲಿ ಹಿಂದೆ ಜಾಲಿಗಿಡ ಕೂಡ ಸೊರಗುತ್ತಿತ್ತಂತೆ. ಈಗ ಒಂಬತ್ತು ಕೊಳಗಳಿವೆ. ಮೊಣಕಾಲುದ್ದದ ಉಪ್ಪುಪ್ಪು ನೀರು, ಅದರ ತುಂಬ ದಟ್ಟ ಹಸಿರು. ಜನ ಅದನ್ನು ಪಾಚಿ ಎನ್ನುತ್ತಾರೆ, ನಿಜವಾಗಿ ಅದೊಂದು ನೀಲಿಹಸಿರು ಬ್ಯಾಕ್ಟೀರಿಯಾ. ಸೋಸಿ ಒಣಗಿಸಿದರೆ ಹಸಿರು ಹಿಟ್ಟು. ಮಳೆಯನ್ನು ನಂಬಿ ಜೋಳ ಬಿತ್ತುವ ಕಾಲ ಮುಗಿದ ಮೇಲೆ ಮೂರು ತಾಲ್ಲೂಕಿನ ಶಾಲೆಗಳ ಮಧ್ಯಾಹ್ನದ ರೊಟ್ಟಿಗೆ ಸೇರುವುದು ಇದೇ ಹಿಟ್ಟು. ಮಕ್ಕಳು ನಾಲಿಗೆ ಚಾಚಿ ಯಾರದು ಹೆಚ್ಚು ಹಸಿರೆಂದು ಜಗಳ ಕಾಯುತ್ತಾರೆ. ಜೋಳದ ಬಿಳಿ ರೊಟ್ಟಿ ಅವರಿಗೆ ಹಬ್ಬಕ್ಕೆ ಮಾತ್ರ ಗೊತ್ತು.

ಬಿಸಿಲು ಹೆಚ್ಚಾದಷ್ಟೂ ಹಸಿರು ಹೆಚ್ಚುತ್ತದೆ ಎಂದೇ ಎಲ್ಲರ ತಿಳುವಳಿಕೆ. ಹಾಗೇನಿಲ್ಲ. ಬೆಳಕನ್ನು ಅನ್ನ ಮಾಡುವ ಆ ಪುಟ್ಟ ಯಂತ್ರಕ್ಕೂ ಒಂದು ಹೊಟ್ಟೆಯಿದೆ. ಹೊಟ್ಟೆ ಮೀರಿ ಬಂದ ಬೆಳಕು ಒಳಗೆ ನಂಜಾಗಿ ಯಂತ್ರವನ್ನೇ ಮುರಿಯುತ್ತದೆ. ಮುರಿದದ್ದನ್ನು ಜೀವಕೋಶ ದಿನವಿಡೀ ರಿಪೇರಿ ಮಾಡುತ್ತಲೇ ಇರುತ್ತದೆ, ಪಾಪ. ಮುರಿತ ರಿಪೇರಿಯನ್ನು ಮೀರಿತೋ, ಹಸಿರು ಬಿಳಿಚಿಕೊಂಡು ಸಾಯುತ್ತದೆ. ಅದಕ್ಕಾಗಿಯೇ ಪ್ರಕೃತಿ ಹಸಿರು ಜೀವಿಗಳಿಗೆ ಒಂದು ಕಿಂಡಿ ಇಟ್ಟಿದೆ. ಈ ಬ್ಯಾಕ್ಟೀರಿಯಾದಲ್ಲಿ ಅದು ಕಿತ್ತಳೆ ಬಣ್ಣದ ಒಂದು ಪ್ರೋಟೀನು. ಬಿಸಿಲು ಚುರುಕಾದೊಡನೆ ಎಚ್ಚೆತ್ತು, ಹೆಚ್ಚಿನ ಬೆಳಕನ್ನು ಶಾಖ ಮಾಡಿ ಹೊರಗೆ ಚೆಲ್ಲುತ್ತದೆ. ಒಂದೇ ಕೊರತೆಯೆಂದರೆ ಕಿಂಡಿ ಬೇಗ ತೆರೆಯುತ್ತದೆ, ನಿಧಾನವಾಗಿ ಮುಚ್ಚುತ್ತದೆ. ಮೋಡ ಕವಿದ ಮೇಲೂ ಸ್ವಲ್ಪ ಹೊತ್ತು ಒಳ್ಳೆಯ ಬೆಳಕನ್ನು ಸುಮ್ಮನೆ ಚೆಲ್ಲಿಕೊಂಡೇ ಇರುತ್ತದೆ.

ಆ ಕಿಂಡಿಯೇ ಇಲ್ಲದಿದ್ದರೆ? ಇಪ್ಪತ್ತೆರಡು ವರ್ಷದ ಹಿಂದೆ ಹಾಗೆ ಕೇಳಿಕೊಂಡವಳು ಮಹಾನಂದಾ. ಆಗ ಅವಳಿಗೆ ಮೂವತ್ತು, ಹುರುಪು ಮೈತುಂಬ ಇತ್ತು. ಆ ಪ್ರೋಟೀನಿನ ಜೀನನ್ನು ಕತ್ತರಿಸಿ ತೆಗೆದಳು. ಇಳುವರಿ ಮೂರನೇ ಒಂದು ಭಾಗ ಏರಿತು. ಶಾಲು ಹೊದಿಸಿದರು, ಹಾರ ಹಾಕಿದರು. ಒಂದೇ ಒಂದು ಷರತ್ತು ಉಳಿಯಿತು: ಈ ತಳಿಯ ಮೇಲೆ ಬೆಳಕು ಎಂದೂ ಮಿತಿ ಮೀರಬಾರದು. ಬಿಸಿಲೇರಿದರೆ ಬಲೆ ಎಳೆಯಬೇಕು, ಮೋಡ ಬಂದರೆ ಸರಿಸಬೇಕು. ಮೊದಲು ಮೋಟಾರು ಹಾಕಿದರು. ಕಪ್ಪು ಎರೆಮಣ್ಣಿನ ಧೂಳು ಗಾಲಿಗಾಲಿಗೆ ತುಂಬಿ ತಿಂಗಳಿಗೊಂದು ಸುಟ್ಟುಹೋಯಿತು. ಆಮೇಲೆ ಹೆಂಗಸರನ್ನು ಕರೆದರು. ಜೀವಿಯಿಂದ ಕಿತ್ತುಕೊಂಡ ಕೆಲಸವನ್ನು ಯಾರಾದರೂ ಮಾಡಲೇಬೇಕಲ್ಲ. ಒಂಬತ್ತು ಕೊಳಕ್ಕೆ, ಬದಲಿಯವರೂ ಸೇರಿ, ನೂರಾ ನಲವತ್ತು ಜನ. ಊರಲ್ಲಿ ಅವರಿಗೆ ‘ನೆರಳಿನವರು’ ಎಂದೇ ಹೆಸರು.

ಆ ಮೊದಲ ತಂಡದಲ್ಲೇ ಬಂದವಳು ನೀಲಗಂಗಮ್ಮ, ಮಹಾನಂದಾಳ ಗಂಡನ ಅಣ್ಣನ ಹೆಂಡತಿ. ಗಂಡ ತೀರಿಕೊಂಡ ವರ್ಷ ‘ಒಂದು ಕೆಲಸ ಹಚ್ಚು’ ಎಂದು ಕೇಳಿದ್ದಳು. ಹಚ್ಚಿದವಳು ಮಹಾನಂದಾಳೇ. ಈಗ ನೀಲಗಂಗಮ್ಮ ಎಲ್ಲ ಕೊಳಗಳ ನೆರಳಿನವರಿಗೂ ಹಿರಿಯಳು. ಗುಡ್ಡದ ಮೇಲೆ ಮೋಡದ ಕಪ್ಪು ಬಿದ್ದಾಗಲೇ ಇಲ್ಲಿ ಹಗ್ಗ ಸಡಿಲಿಸುತ್ತಾಳೆ. ಎಷ್ಟೋ ಸಲ ಅವಳ ಕೈ ಗಂಟೆಗಿಂತ ಮುಂದಿರುತ್ತದೆ.

ಇಬ್ಬರದೂ ಒಂದೇ ಮನೆ, ಕೊಳಗಳ ಹಿಂದಿನ ಕ್ವಾರ್ಟರ್ಸು. ಮಹಾನಂದಾಳ ಗಂಡ ಅಫಜಲಪುರದ ಕಡೆ ಮಾಸ್ತರ, ಶನಿವಾರ ಬಂದು ಸೋಮವಾರ ಹೋಗುವ ಮನುಷ್ಯ. ಸಂಜೆ ಐದೂವರೆಗೆ ಬಲೆಗಳೆಲ್ಲ ಸುತ್ತಿಟ್ಟ ಮೇಲೆ ನೀಲಗಂಗಮ್ಮ ಕಟ್ಟೆಯ ಮೇಲೆ ಬಂದು ಕೂರುತ್ತಾಳೆ. ಬಲಗೈ ಹೆಗಲಿನ ಮೇಲಕ್ಕೆ ಏಳುವುದಿಲ್ಲ, ಆರೇಳು ವರ್ಷವಾಯಿತು. ಅವಳ ತಲೆ ಬಾಚುವುದು ಮಹಾನಂದಾ.

“ನಾಡದು ಮಣ್ಣೆತ್ತಿನ ಅಮಾಸಿ ನೋಡು,” ಎಂದಳು ಅವತ್ತು, ತಲೆ ಕೊಟ್ಟು ಕಣ್ಣು ಮುಚ್ಚಿಕೊಂಡೇ. “ನಾಳೆ ಎರಡು ದಿನದ್ದು ಒಮ್ಮೆಗೇ ಸೋಸಿಬಿಡ್ತೀವಿ. ಸಹಿ ಹಾಕಿಬಿಡು.”

“ಆತಕ್ಕಾ, ಹಾಕ್ತೀನಿ.”

“ಹಂಗ ಎಳೀಬ್ಯಾಡ, ಕೂದಲು ಉಳದದ್ದ ನಾಕು.”

ಅಮಾವಾಸ್ಯೆಯ ದಿನ ಎತ್ತಿನ ಹೆಗಲಿಗೆ ನೊಗ ಇಡಬಾರದು. ಇದು ಈ ಸೀಮೆಯ ಹಳೆಯ ಪದ್ಧತಿ. ಈಗ ಎತ್ತುಗಳೇ ಇಲ್ಲ; ಆದರೆ ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನಲ್ಲಿ ಮಾಡಿ ಪೂಜಿಸುವುದನ್ನು ಯಾರೂ ಬಿಟ್ಟಿಲ್ಲ. ಹಗ್ಗ ಜಗ್ಗುವವರು ನಾವೇ ತಾನೆ, ಹಾಗಾದರೆ ವರ್ಷಕ್ಕೊಮ್ಮೆ ಆ ಅಮಾವಾಸ್ಯೆ ನಮಗೂ ಸೇರಿದ್ದು ಎಂದು ಮೊದಲ ವರ್ಷವೇ ನೆರಳಿನವರು ಪಟ್ಟು ಹಿಡಿದಿದ್ದರು. ಅವತ್ತು ಹಗ್ಗ ಮುಟ್ಟುವುದಿಲ್ಲ. ಹಿಂದಿನ ದಿನ ಎರಡು ಪಾಲು ಸೋಸಿ, ಬಲೆಯನ್ನು ಇಮ್ಮಡಿ ಮಡಿಸಿ ಪೂರ್ತಿ ಮುಚ್ಚಿ ಹೋಗುತ್ತಾರೆ. ಇಪ್ಪತ್ತು ವರ್ಷ ನಡೆದುಬಂದದ್ದು. ಒಂದು ಹನಿ ಪಾಚಿ ಕೆಟ್ಟಿರಲಿಲ್ಲ. ಆದರೆ ಅಷ್ಟೂ ವರ್ಷ ಅಮಾವಾಸ್ಯೆಯ ಮರುದಿನ ಆಕಾಶದಲ್ಲಿ ಒಂದಿಷ್ಟು ಧೂಳೋ ಮೋಡವೋ ಇದ್ದೇ ಇತ್ತು. ಅದನ್ನು ಮಹಾನಂದಾ ಎಂದೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಈ ಸಲ ಅಮಾವಾಸ್ಯೆಯ ಮಧ್ಯಾಹ್ನ ಜೋರು ಮಳೆ ಬಂತು. ಮರುದಿನ ಆಕಾಶ ತೊಳೆದಿಟ್ಟಂತಿತ್ತು. ನದಿಯಾಚೆಯ ಊರಿನ ಗುಡಿಯ ಬಣ್ಣ ಕೂಡ ಕಾಣುತ್ತಿತ್ತು. ಬೆಳಿಗ್ಗೆ ಹೆಂಗಸರು ಬಲೆ ಸರಿಸಿದರು. ಗಂಟೆ ಹೊಡೆದಾಗಲೆಲ್ಲ ಎಳೆದರು. ಒಂದು ಸಲವೂ ತಡ ಮಾಡಲಿಲ್ಲ. ಆದರೂ ಹನ್ನೆರಡರ ಹೊತ್ತಿಗೆ ಐದು, ಆರು, ಏಳನೇ ಕೊಳಗಳ ಆರೋಗ್ಯ ತೋರಿಸುವ ಅಂಕಿ ಪರದೆಯ ಮೇಲೆ ಇಳಿಯತೊಡಗಿತು. ಮಹಾನಂದಾ ಮೆಟ್ಟಿಲಿಳಿದು ಓಡಿದಳು. ಏಳನೇ ಕೊಳದ ಅಂಚಿನಲ್ಲಿ ಹುಸೇನಬಿ ನೀರನ್ನು ಬೊಗಸೆಯಲ್ಲಿ ಹಿಡಿದು ನಿಂತಿದ್ದಳು. ನೀಲಗಂಗಮ್ಮನ ಬೆನ್ನಿಗೇ ನಿಂತು ಹಗ್ಗ ಹಿಡಿಯುವವಳು ಅವಳು; ಮಹಾನಂದಾಳನ್ನು ನೆರಳಿನವರೆಲ್ಲ ‘ಬಾಯಾರ’ ಎಂದೇ ಕರೆಯುತ್ತಾರೆ.

“ಬಾಯಾರ, ಇದೇನ್ರಿ ಇದು? ಗಂಜಿ ತಿಳಿ ಆಗ್ಯಾದಲ್ರಿ.”

ಮೂರೂ ಕೊಳ ಬಿಳಿಚಿಕೊಂಡಿದ್ದವು. ಸಂಜೆಯೊಳಗೆ ವಾಸನೆ ಹೊಡೆಯಿತು.

ಏನಾಯಿತೆಂದು ಅರ್ಥವಾಗಲು ಮಹಾನಂದಾಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ದಟ್ಟವಾದ ಕೊಳದಲ್ಲಿ ಜೀವಕೋಶಗಳು ಒಂದಕ್ಕೊಂದು ನೆರಳಾಗಿರುತ್ತವೆ. ಮೇಲಿನದು ತುಸು ಹೊತ್ತು ಬಿಸಿಲುಂಡು ಕೆಳಗಿಳಿಯುತ್ತದೆ, ಕೆಳಗಿನದು ಮೇಲೆ ಬರುತ್ತದೆ. ಎರಡು ಪಾಲು ಸೋಸಿದ ಮೇಲೆ ಈ ಮೂರು ಕೊಳ ಎಲ್ಲಕ್ಕಿಂತ ತೆಳುವಾಗಿದ್ದವು. ಬೆಳಕು ತಳದವರೆಗೂ ಇಳಿದಿತ್ತು. ಸಾಲದ್ದಕ್ಕೆ ಒಂದು ದಿನವಿಡೀ ಕತ್ತಲಲ್ಲಿದ್ದ ಜೀವಕೋಶಗಳು, ಬೆಳಕು ಕಡಿಮೆಯೆಂದು ತಿಳಿದು, ಹಿಡಿಯುವ ಕೈಗಳನ್ನು ಇನ್ನಷ್ಟು ಚಾಚಿಕೊಂಡಿದ್ದವು. ಅಂಥ ಹೊತ್ತಿನಲ್ಲಿ ಆ ಬಿಸಿಲು. ಗಂಟೆ ಹೊಡೆಸುವ, ಕಂಬದ ಮೇಲಿನ ಮಾಪಕ ಕೊಳದ ಮೇಲೆ ಬೀಳುವ ಬೆಳಕನ್ನು ಅಳೆಯುತ್ತದೆಯೇ ಹೊರತು ಒಂದೊಂದು ಜೀವಕೋಶದ ಪಾಲಿಗೆ ಎಷ್ಟು ಬಂತೆಂದು ಅದಕ್ಕೆ ಗೊತ್ತಿಲ್ಲ. ಮಿತಿಯನ್ನು ನಿಗದಿ ಮಾಡಿದವಳು ತಾನು. ಅಮಾವಾಸ್ಯೆಗೆಂದು ಎರಡು ಪಾಲು ಸೋಸಲು ಸಹಿ ಹಾಕಿದವಳೂ ತಾನು.

ಮರುದಿನ ಪರದೆಯ ಮೇಲೆ ನಿರ್ದೇಶಕ ವೃಷಭೇಂದ್ರ ಬಂದರು. ಕೆಟ್ಟವರಲ್ಲ, ಅವಸರದವರು.

“ಒಂದೇ ದಿನ ಮೂರು ಕೊಳ ಹೇಗೆ ಹೋಯ್ತು ಮೇಡಂ? ಅಮಾವಾಸ್ಯೆ ಅಂತ ಇಡೀ ದಿನ ಮುಚ್ಚಿಟ್ರಂತೆ?”

“ಅದು ಮೊದಲಿಂದ ನಡೆದುಬಂದ ಪದ್ಧತಿ ಸರ್. ನನ್ನ ಒಪ್ಪಿಗೆ ಇತ್ತು.”

“ನೋಡಿ, ಒಪ್ಪಿಗೆ ಗಿಪ್ಪಿಗೆ ಬೇಡ. ಕೆಲಸಗಾರರ ನಿರ್ಲಕ್ಷ್ಯ ಅಂತ ಒಂದು ವರದಿ ಕೊಟ್ಬಿಡಿ. ಆ ಗುಂಪಿನ ಹಿರಿಯಳು ಯಾರೋ ಇದ್ದಾರಲ್ಲ, ಅವರ ಹೆಸರು ಹಾಕಿ. ಅವರನ್ನ ತೆಗೆದ್ರೆ ಮಿಕ್ಕವರು ಸರಿಹೋಗ್ತಾರೆ. ನಾಳೆ ಸಂಜೆ ಒಳಗೆ.”

ಪರದೆ ಆರಿತು. ಮಹಾನಂದಾ ಕುರ್ಚಿಯಲ್ಲೇ ಕುಳಿತಳು. ದಣಿವು ಅವಳಿಗೆ ಹೊಸದಲ್ಲ; ಆದರೆ ಇದು ನಿದ್ದೆಯಿಂದ ಹೋಗುವ ದಣಿವಾಗಿರಲಿಲ್ಲ. ಕಿಟಕಿಯಾಚೆ ಉಳಿದ ಆರು ಕೊಳಗಳ ಗಂಟೆಗಳು ಒಂದಾದ ಮೇಲೊಂದು ಹೊಡೆಯುತ್ತಿದ್ದವು. ಹೆಂಗಸರು ಎಳೆಯುತ್ತಿದ್ದರು, ಬಿಡುತ್ತಿದ್ದರು. ಇವರು ಮಾಡುತ್ತಿರುವುದು ಏನನ್ನು ಎಂದು ಅವಳು ಎಷ್ಟೋ ವರ್ಷದ ಮೇಲೆ ಮೊದಲ ಸಲ ನೋಡಿದಳು. ಕಣ್ಣಿಗೆ ಕಾಣದಷ್ಟು ಚಿಕ್ಕ ಒಂದು ಪ್ರೋಟೀನಿನ ಕೆಲಸವನ್ನು ನೂರಾ ನಲವತ್ತು ಹೆಂಗಸರು ರಟ್ಟೆ ಮುರಿದುಕೊಂಡು ಮಾಡುತ್ತಿದ್ದರು. ಅವಳಿಗೆ ನಾಚಿಕೆಯಾಯಿತು.

ಎದ್ದು ಪ್ರಯೋಗಾಲಯಕ್ಕೆ ಹೋದಳು. ಮೂಲ ತಳಿಯನ್ನು ಎಸೆಯಬಾರದೆಂಬ ನಿಯಮ ಎಲ್ಲ ಪ್ರಯೋಗಾಲಯಗಳಲ್ಲೂ ಇರುತ್ತದೆ. ಶೀತಲ ಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ ಕಿಂಡಿಯಿರುವ ಹಳೆಯ ತಳಿ ಇತ್ತು. ಅದರ ಮೇಲಿನ ಚೀಟಿಯ ಅಕ್ಷರ ಅವಳದೇ.

ಆಮೇಲೆ ಕುಳಿತು ವರದಿ ಬರೆದಳು. ಯಾರೂ ನಿರ್ಲಕ್ಷ್ಯ ಮಾಡಿಲ್ಲ, ತಪ್ಪು ತಳಿಯದು, ತಳಿ ನನ್ನದು. ಸತ್ತ ಮೂರು ಕೊಳಗಳಲ್ಲಿ ಒಂದಕ್ಕೆ ಹಳೆಯ ತಳಿ ಬಿಟ್ಟು ನೆರಳಿಲ್ಲದೆ ಬೆಳೆಸಿ ನೋಡಲು ಅನುಮತಿ ಬೇಕು. ಇಳುವರಿ ಕಾಲು ಭಾಗ ಕಡಿಮೆಯಾಗುತ್ತದೆ, ಆದರೆ ಬಲೆಯೇ ಬೇಡವಾಗಿ ಅದರ ಖರ್ಚು ಉಳಿಯುವುದರಿಂದ ಸವಳು ನೆಲದಲ್ಲಿ ಇನ್ನೂ ನಾಲ್ಕು ಕೊಳ ತೋಡಬಹುದು. ಓದಿದ ವೃಷಭೇಂದ್ರ ಫೋನು ಮಾಡಿದರು.

“ಮೇಡಂ, ಇದನ್ನ ಮೇಲೆ ಕಳಿಸಿದ್ರೆ ನಿಮ್ಮ ಇಪ್ಪತ್ತೆರಡು ವರ್ಷದ ಕೆಲಸ ಹೋಯ್ತು ಅಂತಲೇ ಅರ್ಥ.”

“ಗೊತ್ತಿದೆ ಸರ್.”

“ಸರಿ. ಒಂದೇ ಕೊಳ. ಬಿರುಬಿಸಿಲಿನ ಒಂದು ಮಧ್ಯಾಹ್ನ ಬಲೆಯಿಲ್ಲದೆ ತಡೆದುಕೊಂಡ್ರೆ ಮುಂದಿನ ಮಾತು. ಹೆಂಗಸರು ಮಾತ್ರ ಹಗ್ಗ ಹಿಡಿದು ತಯಾರಾಗಿ ನಿಂತಿರಲಿ. ಒಂದು ಸಲ ಬಲೆ ಎಳೆದ್ರೂ ಪರೀಕ್ಷೆ ಅಲ್ಲಿಗೇ ಮುಗೀತು, ನಾನು ಮೊದಲು ಕೇಳಿದ ವರದಿಯನ್ನೇ ಬರೆದು ಕೊಡ್ಬೇಕು.”

ಸಂಜೆ ಕಟ್ಟೆಯ ಮೇಲೆ, ಬಾಚಣಿಗೆ ಕೈಯಲ್ಲಿ ಹಿಡಿದೇ, ಮಹಾನಂದಾ ಎಲ್ಲವನ್ನೂ ಹೇಳಿದಳು. ಹೆಸರು ಹಾಕೆಂದದ್ದನ್ನೂ ಹೇಳಿದಳು. ನೀಲಗಂಗಮ್ಮ ತಲೆ ತಿರುಗಿಸಿ ಅವಳನ್ನು ನೋಡಿದಳು.

“ಅದು ಬದುಕಿದ್ರ ಹಗ್ಗ ಬೇಕಾಗೂದಿಲ್ಲ, ಹೌದಿಲ್ಲೋ?”

“ಬೇಕಾಗೂದಿಲ್ಲ.”

“ಮಂದಿ?”

“ಸೋಸ್ಲಿಕ್ಕೆ ಒಂದು ಅರವತ್ತು ಮಂದಿ ಬೇಕು. ಹೊಸ ಕೊಳ ತೋಡಿದ್ರ ಇನ್ನಷ್ಟು. ಆದ್ರ ಅದಕ್ಕ ವರ್ಷ ಹಿಡೀತದ.”

“ಸೋಸೂ ಕೆಲಸಕ್ಕ ಕೈ ಮ್ಯಾಲ ಎತ್ತಬೇಕಲ್ಲ.”

“ಹೌದಕ್ಕಾ.”

“ಅಂದ್ರ ನಾ ಇಲ್ಲ.” ಸಿಟ್ಟಿನಿಂದ ಹೇಳಲಿಲ್ಲ. “ಹಗ್ಗ ಹೋದ್ರ ಛಲೋ ಆತು ಅನ್ನಬೇಕೋ, ಅಳಬೇಕೋ, ನಂಗ ತಿಳೀವಲ್ದು ನಂದಾ. ಈ ಕೈ ಜಗ್ಗೂದೊಂದ ಕಲ್ತದ. ಬಿಟ್ರ ಏನ್ ಮಾಡ್ತದ?”

“ಮನ್ಯಾಗ ಇರು. ನಾ ಇದ್ದೀನಲ್ಲ.”

“ನೀ ಇದ್ದೀ ಅಂತ ನಾ ಕೂಳು ತಿನ್ನಬೇಕೇನು? ಮಾತು ನೋಡು. ಬಾಚು ಸುಮ್ನ.”

ಮಹಾನಂದಾ ಬಾಚಿದಳು. ಆ ರಾತ್ರಿ ನೀಲಗಂಗಮ್ಮ ಊಟಕ್ಕೆ ಏಳಲಿಲ್ಲ.

ಏಳನೇ ಕೊಳವನ್ನು ತೊಳೆದರು, ಹೊಸ ನೀರು ಬಿಟ್ಟರು. ಹಳೆಯ ತಳಿ ಸೀಸೆಯಿಂದ ಬಕೆಟ್ಟಿಗೆ, ಬಕೆಟ್ಟಿನಿಂದ ತೊಟ್ಟಿಗೆ, ತೊಟ್ಟಿಯಿಂದ ಕೊಳಕ್ಕೆ ಬೆಳೆದು ದಟ್ಟವಾಗಲು ಆರು ವಾರ ಹಿಡಿಯಿತು. ಅಷ್ಟರಲ್ಲಿ ಮೂರು ತಾಲ್ಲೂಕಿನ ಶಾಲೆಗಳಲ್ಲಿ ಮಕ್ಕಳ ಪಾಲಿನ ಎರಡು ರೊಟ್ಟಿಯಲ್ಲಿ ಅರ್ಧ ರೊಟ್ಟಿ ಕಡಿಮೆಯಾಯಿತು. ಶನಿವಾರ ಬಂದ ಗಂಡ ಅದನ್ನೇ ಹೇಳಿದ. ಮಕ್ಕಳು ಮಧ್ಯಾಹ್ನದ ಮೇಲೆ ಬೆಂಚಿಗೆ ತಲೆಯಿಟ್ಟು ಮಲಗುತ್ತಾರಂತೆ. ಮಹಾನಂದಾ ತಟ್ಟೆಯಲ್ಲಿದ್ದುದನ್ನು ಅಷ್ಟಕ್ಕೇ ಬಿಟ್ಟು ಎದ್ದಳು.

ಪರೀಕ್ಷೆಯ ದಿನ ಮೋಡದ ಒಂದು ಎಳೆಯೂ ಇರಲಿಲ್ಲ. ಹನ್ನೆರಡಕ್ಕೆ ಬಲೆಯನ್ನು ಪೂರ್ತಿ ಸರಿಸಿದರು. ಹನ್ನೆರಡು ಹೆಂಗಸರು ಹಗ್ಗ ಹಿಡಿದು ನಿಂತರು, ಮುಂದೆ ನೀಲಗಂಗಮ್ಮ. ಮಹಾನಂದಾ ಜೀವಕೋಶಗಳ ಆರೋಗ್ಯ ತೋರಿಸುವ ಕೈಮಾಪಕ ಹಿಡಿದು ಕೊಳದ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಬಿಸಿಲು ಮಿತಿಯ ಗೆರೆ ದಾಟಿದ್ದೇ ತಡ, ಗಂಟೆ ಬಡಿದುಕೊಳ್ಳತೊಡಗಿತು. ಸಾಲಿನಲ್ಲಿದ್ದ ಎಲ್ಲರ ಭುಜಗಳೂ ತಾವಾಗಿಯೇ ಹಿಂದಕ್ಕೆ ವಾಲಿದವು.

“ಜಗ್ಗಬ್ಯಾಡ್ರಿ!” ಎಂದಳು ಮಹಾನಂದಾ.

ಮಾಪಕದ ಅಂಕಿ ಇಳಿಯಿತು. ಮತ್ತೂ ಇಳಿಯಿತು. ಆರು ವಾರದ ಹಿಂದೆ ಇದೇ ಕೊಳ ಸಾಯುವಾಗ ಇಳಿದಂತೆಯೇ ಇಳಿಯುತ್ತಿತ್ತು. ಕಿಂಡಿ ತೆರೆದು ಬೆಳಕನ್ನು ಚೆಲ್ಲುತ್ತಿದ್ದರೂ ಅಂಕಿ ಇಳಿಯುತ್ತದೆ, ಯಂತ್ರ ಮುರಿದು ಸಾಯುತ್ತಿದ್ದರೂ ಇಳಿಯುತ್ತದೆ. ನೋಡಿದರೆ ಎರಡೂ ಒಂದೇ. ತಿಳಿಯಲು ಇರುವುದು ಒಂದೇ ದಾರಿ: ಒಂದಿಷ್ಟು ನೀರನ್ನು ನೆರಳಿಗೆ ತಂದು ಕಾಯಬೇಕು. ಸುಮ್ಮನೆ ಕಿಂಡಿ ತೆರೆದದ್ದಾದರೆ ಅಂಕಿ ನಿಧಾನವಾಗಿ ಮೇಲೇರುತ್ತದೆ. ಸತ್ತದ್ದಾದರೆ ಏರುವುದಿಲ್ಲ. ಅವಳು ಸ್ಟೀಲಿನ ಲೋಟದಲ್ಲಿ ಕೊಳದ ನೀರು ತುಂಬಿಕೊಂಡು, ಮಾಪಕವನ್ನು ಅದರಲ್ಲಿ ಅದ್ದಿ, ಸೆರಗಿನ ಮರೆಗೆ ಇಟ್ಟುಕೊಂಡಳು.

“ಎಷ್ಟ್ ಹೊತ್ತರೀ ಬಾಯಾರ?” ಹುಸೇನಬಿ ಕೂಗಿದಳು.

“ಹದಿನೈದು ಮಿನಿಟು.”

“ಅಷ್ಟರಾಗ ಸತ್ತ ಹೋಗ್ತದ್ರಿ! ಗಂಟಿ ಬಡಕೊಳ್ಳಾಕತ್ತದಲ್ರಿ! ನೀಲಗಂಗಕ್ಕಾ, ಜಗ್ಗೂಣಲ್ಲ?”

ಮಹಾನಂದಾ ತಲೆಯೆತ್ತಿ ನೋಡಿದಳು. ಈಗ ಎಲ್ಲ ಆ ಒಂದು ಕೈಯಲ್ಲಿತ್ತು. ಒಂದು ಜಗ್ಗು ಸಾಕು, ಬಲೆ ಹರಡುತ್ತದೆ, ಪರೀಕ್ಷೆ ಮುಗಿಯುತ್ತದೆ, ಹಗ್ಗ ಉಳಿಯುತ್ತದೆ, ಅವಳೊಬ್ಬಳದು ಹೋದರೂ ಮಿಕ್ಕವರೆಲ್ಲರ ಕೆಲಸ ಉಳಿಯುತ್ತದೆ. ಗಂಟೆ ಕೇಳಿ ಕೈ ತಾನಾಗಿ ಎಳೆಯಿತು ಎಂದರೆ ಯಾರೂ ಬೈಯುವಂತಿರಲಿಲ್ಲ. ನೀಲಗಂಗಮ್ಮನಿಗೂ ಇದು ಗೊತ್ತಿತ್ತು. ಅವಳು ಮಹಾನಂದಾಳ ಕಡೆ ನೋಡಲಿಲ್ಲ. ನೀರಿನ ಕಡೆ ನೋಡುತ್ತಿದ್ದಳು. ಎಡಗಾಲು ಮುಂದೆ ಊರಿ, ಎರಡೂ ಕೈಯಲ್ಲಿ ಹಗ್ಗ ಬಿಗಿಹಿಡಿದು, ಹಿಂದಿನ ಹನ್ನೊಂದು ಜನರ ಎಳೆತಕ್ಕೆ ತಾನೊಬ್ಬಳೇ ಎದುರಾಗಿ ತಡೆದಿದ್ದಳು.

“ಯಾರೂ ಜಗ್ಗಬ್ಯಾಡ್ರಿ,” ಎಂದಳು. “ನೋಡೂಣು.”

ಐದು ಮಿನಿಟು. ಲೋಟದ ಅಂಕಿ ಹಾಗೇ ಇತ್ತು. ಎಂಟು ಮಿನಿಟು. ಬೆವರು ಮಹಾನಂದಾಳ ಕಣ್ಣಿಗಿಳಿಯಿತು, ಒರೆಸಿಕೊಳ್ಳಲು ಧೈರ್ಯವಾಗಲಿಲ್ಲ. ಹನ್ನೊಂದನೇ ಮಿನಿಟಿಗೆ ಕೊನೆಯ ಅಂಕೆ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಆಮೇಲೆ ಏರತೊಡಗಿತು. ಹದಿನೈದಾಗುವಷ್ಟರಲ್ಲಿ ಬೆಳಿಗ್ಗೆ ಎಲ್ಲಿತ್ತೋ ಹೆಚ್ಚುಕಡಿಮೆ ಅಲ್ಲಿಗೇ ಬಂದು ಕುಳಿತಿತು. ಅವಳು ಲೋಟ ಕೆಳಗಿಟ್ಟು ಕೊಳ ನೋಡಿದಳು. ಸುಡುವ ಬಿಸಿಲಿನಲ್ಲಿ, ಮೇಲೆ ಏನೂ ಇಲ್ಲದೆ, ಕೊಳ ಹಸಿರಾಗಿಯೇ ಇತ್ತು.

“ಬದುಕ್ಯದ,” ಎಂದಳು. ಅವಳ ದನಿ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ. ಹುಸೇನಬಿ ಓಡಿಹೋಗಿ ಗಂಟೆಯ ಗುಂಡಿ ಒತ್ತಿ ಬಾಯಿ ಮುಚ್ಚಿಸಿದಳು. ಹೆಂಗಸರು ಒಬ್ಬೊಬ್ಬರಾಗಿ ಹಗ್ಗ ಬಿಟ್ಟು, ಏನು ಮಾಡಬೇಕೆಂದು ತಿಳಿಯದೆ ಅಲ್ಲೇ ನಿಂತರು. ಬಟಾಬಯಲಿನಲ್ಲಿ ಮಧ್ಯಾಹ್ನದ ಹೊತ್ತು ಸುಮ್ಮನೆ ನಿಂತು ಅವರಿಗೆ ಅಭ್ಯಾಸವಿರಲಿಲ್ಲ.

ನೀಲಗಂಗಮ್ಮ ಮಾತ್ರ ಹಿಡಿದೇ ಇದ್ದಳು. ಮಹಾನಂದಾ ಹತ್ತಿರ ಹೋದಳು.

“ಮುಗೀತಕ್ಕಾ. ಬಿಡು.”

“ಒಂದು ಕೇಳ್ತೀನಿ, ಖರೇ ಹೇಳು.” ಅವಳ ಕಣ್ಣು ಇನ್ನೂ ನೀರಿನ ಮೇಲೇ ಇತ್ತು. “ಬಿಸಿಲು ಹ್ಯಾಂಗ ತಡಕೋಬೇಕಂತ ಇದಕ್ಕ ಮೊದಲಿಂದನ ಗೊತ್ತಿತ್ತೇನು?”

“ಗೊತ್ತಿತ್ತು.”

“ನಾವು ಬರೂಕಿಂತ ಮೊದಲ?”

“ಹೌದಕ್ಕಾ. ಯಾವ ಕಾಲದಿಂದಲೋ ಗೊತ್ತಿತ್ತು. ನಾ ಮರೆಸಿದ್ದೆ.”

ಬೈಯುತ್ತಾಳೆಂದುಕೊಂಡಳು. ಬೈದರೆ ಒಳ್ಳೆಯದಿತ್ತು. ನೀಲಗಂಗಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಹಗ್ಗ ಸುತ್ತಿದ ತನ್ನ ಬಲಗೈಯನ್ನು ಯಾರದೋ ವಸ್ತುವಿನಂತೆ ನೋಡಿದಳು.

“ಬೆರಳು ಬಿಚ್ಚವಲ್ವು,” ಎಂದಳು. “ನೀನ ಬಿಡಿಸು.”

ಮಹಾನಂದಾ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದಳು. ಅಂಗೈ ಒರಟಾಗಿ ಗಟ್ಟಿಯಾಗಿತ್ತು. ದಿನಾ ತಲೆ ಬಾಚುವವಳು ಇಷ್ಟು ವರ್ಷದಲ್ಲಿ ಒಂದು ಸಲವೂ ಈ ಕೈ ಹಿಡಿದು ನೋಡಿರಲಿಲ್ಲ. ಕಿರುಬೆರಳಿನಿಂದ ಶುರುಮಾಡಿ ಒಂದೊಂದೇ ಬಿಡಿಸಿದಳು. ನೋವಾಗುತ್ತಿತ್ತೇನೋ, ನೀಲಗಂಗಮ್ಮ ಉಸಿರು ಬಿಗಿಹಿಡಿದಿದ್ದಳು. ಹೆಬ್ಬೆರಳು ಬಿಟ್ಟ ಮೇಲೆ ಕೈ ಜೋಲುಬಿತ್ತು.

“ಇನ್ನೊಂದೂ ಬಿಡಿಸು,” ಎಂದಳು ನೀಲಗಂಗಮ್ಮ.